ಕೊಲೆಗೆ ಮೊದಲಿನ ಲೆಕ್ಕ

ಜಪಾನಿನ ಲೇಖಕಿ ನತ್ಸುವೊ ಕಿರಿನೊ ಅವರ ‘ಔಟ್’ ಕಾದಂಬರಿಯನ್ನು ಈಚೆಗೆ ಎರಡನೆಯ ಸಲ ಓದಿದೆ. ಸತ್ತವನು ಯಾರು, ಕೊಂದವರು ಯಾರು, ಹೆಣ ಏನಾಯಿತು, ಕೊನೆಗೆ ಯಾರು ಉಳಿಯುತ್ತಾರೆ ಎಂಬುದೆಲ್ಲ ಗೊತ್ತಿತ್ತು. ಆದರೂ ಮೊದಲ ಸಲ ಓದಿದಾಗಿನ ಹಾಗೆಯೇ ಹೊಟ್ಟೆಯಲ್ಲಿ ಸಣ್ಣ ಸಂಕಟ ಇಟ್ಟುಕೊಂಡು ಓದಿದೆ. ಪತ್ತೇದಾರಿ ಕತೆಗಳ ವಿಷಯದಲ್ಲಿ ನನಗೆ ಹೀಗೆ ಆಗುವುದಿಲ್ಲ. ಗುಟ್ಟು ಒಮ್ಮೆ ಬಯಲಾದ ಮೇಲೆ ಅಲ್ಲಿ ಉಳಿಯುವುದು ಲೇಖಕನ ಜಾಣತನದ ಬಗೆಗಿನ ಮೆಚ್ಚುಗೆ ಮಾತ್ರ. ಗುಟ್ಟೇ ಇಲ್ಲದ ಅಪರಾಧದ ಕತೆಯೊಂದು ಎರಡನೆಯ ಓದಿಗೂ ಯಾಕೆ ಹೀಗೆ ಹಿಡಿದಿಡುತ್ತದೆ ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

‘ಔಟ್’ ಕಾದಂಬರಿಯ ಕತೆಯ ಎಳೆ ಇಷ್ಟು. ಟೋಕಿಯೊದ ಹೊರವಲಯದಲ್ಲಿ ಡಬ್ಬಿ ಊಟ ತಯಾರಿಸುವ ಕಾರ್ಖಾನೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅಲ್ಲಿ ನಿಂತು ಕೆಲಸ ಮಾಡುವ ನಾಲ್ವರು ಹೆಂಗಸರು. ಅವರಲ್ಲಿ ಒಬ್ಬಳಾದ ಯಾಯೊಯಿಯ ಗಂಡ ಮನೆಯ ಉಳಿತಾಯವನ್ನೆಲ್ಲ ಜೂಜಿನಲ್ಲಿ ಕಳೆದಿದ್ದಾನೆ, ಕೇಳಿದ್ದಕ್ಕೆ ಹೊಡೆದಿದ್ದಾನೆ. ಒಂದು ರಾತ್ರಿ ಅವಳು ಬೆಲ್ಟಿನಿಂದ ಅವನ ಕತ್ತು ಬಿಗಿಯುತ್ತಾಳೆ. ಆಮೇಲೆ ಮಸಾಕೊ ಎಂಬ ಗೆಳತಿಗೆ ಫೋನು ಮಾಡುತ್ತಾಳೆ. ಹೆಣ ಮಸಾಕೊಳ ಕಾರಿನ ಡಿಕ್ಕಿಗೆ ಬರುತ್ತದೆ, ಮರುದಿನ ಅವಳ ಮನೆಯ ಬಚ್ಚಲಿಗೆ.

ಬಚ್ಚಲಿನ ಆ ಅಧ್ಯಾಯ ಓದಿದವರಿಗೆ ಮರೆಯುವುದಿಲ್ಲ. ಆದರೆ ಅಲ್ಲಿ ಮರೆಯದೆ ಉಳಿಯುವುದು ರಕ್ತವಲ್ಲ. ಕಾರ್ಖಾನೆಯಲ್ಲಿ ಅನ್ನ, ಮಾಂಸ, ಉಪ್ಪಿನಕಾಯಿಗಳನ್ನು ಅಳತೆಗೆ ಸರಿಯಾಗಿ ಡಬ್ಬಿಗೆ ತುಂಬಿ ಅಭ್ಯಾಸವಾದ ಕೈಗಳು ಈ ಕೆಲಸವನ್ನೂ ಕೆಲಸದಂತೆಯೇ ಹಂಚಿಕೊಳ್ಳುತ್ತವೆ. ಯಾರು ಹಿಡಿಯಬೇಕು, ಯಾರು ಕೊಯ್ಯಬೇಕು, ಯಾರು ಚೀಲಕ್ಕೆ ಹಾಕಬೇಕು, ಮನೆಯವರು ಬರುವುದರೊಳಗೆ ಎಷ್ಟು ಮುಗಿಯಬೇಕು. ಕಾರ್ಖಾನೆಯ ಪಾಳಿಗೂ ಈ ಪಾಳಿಗೂ ಶಿಸ್ತು ಒಂದೇ. ಅವರು ರಾಕ್ಷಸಿಯರಾಗಿದ್ದರೆ ನಮಗೆ ಭಯವಾಗುತ್ತಿತ್ತು, ಅಷ್ಟೆ. ಅವರು ಒಳ್ಳೆಯ ಕೆಲಸಗಾರರು ಎಂಬುದು ಅದಕ್ಕಿಂತ ಹೆಚ್ಚು ಕಂಗೆಡಿಸುತ್ತದೆ.

ಇನ್ನೊಂದು ಸಂಗತಿ ನನಗೆ ಎರಡನೆಯ ಓದಿನಲ್ಲಿ ಕಂಡಿತು. ಈ ನಾಲ್ವರನ್ನು ಒಟ್ಟಿಗೆ ಕಟ್ಟಿಹಾಕಿರುವುದು ಗೆಳೆತನಕ್ಕಿಂತ ಹೆಚ್ಚಾಗಿ ಸಾಲ. ಯೊಶಿಯೆ ಎಂಬ ವಿಧವೆಗೆ ಹಾಸಿಗೆ ಹಿಡಿದ ಅತ್ತೆಯ ಸೇವೆ, ಮಗಳ ಶಾಲಾ ಪ್ರವಾಸದ ದುಡ್ಡಿಗಾಗಿ ಮಸಾಕೊಳ ಮುಂದೆ ಕೈಚಾಚಬೇಕಾದ ಸ್ಥಿತಿ. ಕುನಿಕೊ ಎಂಬುವಳು ಬ್ರ್ಯಾಂಡ್ ಬಟ್ಟೆ, ಕಾರು ಎಂದು ಕೈಮೀರಿ ಸಾಲ ಮಾಡಿಕೊಂಡು ಬಡ್ಡಿ ವ್ಯಾಪಾರಿಯೊಬ್ಬನಿಗೆ ಸಿಕ್ಕಿಬಿದ್ದವಳು. ಮಸಾಕೊ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಗುಮಾಸ್ತೆಯಾಗಿದ್ದು, ಗಂಡಸರಿಗಿಂತ ತನಗೆ ಸಂಬಳ ಯಾಕೆ ಕಡಿಮೆ ಎಂದು ಕೇಳಿದ್ದಕ್ಕೆ ಮೂಲೆಗುಂಪಾಗಿ ಹೊರಬಿದ್ದವಳು. ಅಂದರೆ ಹೆಣವನ್ನು ಕತ್ತರಿಸುವ ಯೋಜನೆ ಹಾಕುವವಳು ಸಾಲದ ಕಡತಗಳನ್ನು ಬಲ್ಲವಳು. ಯಾರನ್ನು ಯಾವುದರಿಂದ ಒಪ್ಪಿಸಬಹುದು ಎಂಬುದು ಅವಳಿಗೆ ತಿಳಿದಿದೆ. ಕತೆಯಲ್ಲಿ ಮುಂದೆ ಅದೇ ಬಡ್ಡಿ ವ್ಯಾಪಾರಿಗೆ ಈ ಗುಟ್ಟು ತಿಳಿದಾಗ ಅವನು ಪೊಲೀಸರ ಬಳಿ ಹೋಗುವುದಿಲ್ಲ. ಹೆಣ ವಿಲೇವಾರಿಯನ್ನೇ ಒಂದು ವ್ಯವಹಾರವನ್ನಾಗಿ ಮಾಡೋಣ ಎಂಬ ಪ್ರಸ್ತಾಪ ತರುತ್ತಾನೆ. ಈ ತಿರುವು ಓದುವಾಗ ನಗು ಬರುತ್ತದೆ, ಮರುಕ್ಷಣವೇ ಅದು ಎಷ್ಟು ಸಹಜ ಎನ್ನಿಸಿ ನಗು ಒಣಗುತ್ತದೆ.

‘ಔಟ್’ ಬಂದದ್ದು 1997ರಲ್ಲಿ. ಜಪಾನಿನ ಆರ್ಥಿಕ ಗುಳ್ಳೆ ಒಡೆದು ಕೆಲವು ವರ್ಷಗಳಾಗಿದ್ದವು. 2003ರಲ್ಲಿ ಸ್ಟೀಫನ್ ಸ್ನೈಡರ್ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ಅದು ಜಪಾನಿನ ಹೊರಗೂ ನ್ವಾರ್ ಕಾದಂಬರಿಯ ದೊಡ್ಡ ಉದಾಹರಣೆಗಳಲ್ಲಿ ಒಂದಾಯಿತು.

*

ನ್ವಾರ್ ಎಂಬುದು ಫ್ರೆಂಚ್ ಪದ. ಕಪ್ಪು ಎಂದರ್ಥ. 1945ರಲ್ಲಿ ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನದಲ್ಲಿ ಮಾರ್ಸೆಲ್ ದ್ಯುಆಮೆಲ್ ‘ಸೆರಿ ನ್ವಾರ್’ ಎಂಬ ಮಾಲೆ ಆರಂಭಿಸಿ, ಅಮೆರಿಕದ ಅಪರಾಧ ಕಾದಂಬರಿಗಳನ್ನು ಫ್ರೆಂಚಿಗೆ ತರತೊಡಗಿದ. ಮರುವರ್ಷ ಅದೇ ವಿಶೇಷಣ ಅಮೆರಿಕದ ಕೆಲವು ಸಿನಿಮಾಗಳಿಗೂ ಅಂಟಿಕೊಂಡಿತು. ತಮ್ಮಲ್ಲಿ ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಸರಕಿಗೆ ಒಂದು ಹೆಸರಿದೆ, ಘನತೆಯಿದೆ ಎಂದು ಅಮೆರಿಕದವರಿಗೆ ಗೊತ್ತಾದದ್ದು ಹೀಗೆ, ಸುತ್ತುಹಾದಿಯಲ್ಲಿ.

ಹೆಸರು ಒಂದೇ ಆದರೂ ಅದರೊಳಗೆ ಎರಡು ಬೇರೆ ಕುಲಗಳಿವೆ. ಒಂದು ಡ್ಯಾಶಿಯಲ್ ಹ್ಯಾಮೆಟ್ ಮತ್ತು ರೇಮಂಡ್ ಚಾಂಡ್ಲರ್ ಅವರದು. ಹ್ಯಾಮೆಟ್ ಸ್ವತಃ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಕೆಲಸ ಮಾಡಿದವನು. ಅವನ 1929ರ ‘ರೆಡ್ ಹಾರ್ವೆಸ್ಟ್’ ಒಂದು ಗಣಿ ಊರು ಹೇಗೆ ಇಡಿಯಾಗಿ ಕೊಳೆಯುತ್ತದೆ ಎಂಬುದರ ಕತೆ. ಚಾಂಡ್ಲರ್ ತೈಲ ಕಂಪನಿಯ ಅಧಿಕಾರಿಯಾಗಿದ್ದು, 1932ರಲ್ಲಿ ಕೆಲಸ ಕಳೆದುಕೊಂಡು, ಐವತ್ತರ ವಯಸ್ಸಿಗೆ ಮೊದಲ ಕಾದಂಬರಿ ಪ್ರಕಟಿಸಿದವನು. ಇವರ ಲೋಕ ಕಪ್ಪು. ಆದರೆ ಅದರ ನಡುವೆ ನಡೆಯುವ ಪತ್ತೇದಾರ ತನ್ನದೇ ಒಂದು ನೇಮವನ್ನು ಬಿಟ್ಟುಕೊಡದವನು. ಚಾಂಡ್ಲರನ ಮಾರ್ಲೋ ಹೊಡೆಸಿಕೊಳ್ಳುತ್ತಾನೆ, ಮೋಸಹೋಗುತ್ತಾನೆ, ಆದರೆ ಕೊಂಡುಕೊಳ್ಳಲು ಸಿಗುವುದಿಲ್ಲ. ಹಾಗಾಗಿ ಮಾರ್ಲೋ ಕಾದಂಬರಿ ಓದಿ ಮುಗಿಸಿದಾಗ ಊರು ಸರಿಹೋಗದಿದ್ದರೂ ನಮಗೊಬ್ಬ ಜೊತೆಗಾರ ಸಿಕ್ಕಿರುತ್ತಾನೆ.

ಇನ್ನೊಂದು ಕುಲದ ಮೂಲಪುರುಷ ಜೇಮ್ಸ್ ಎಂ. ಕೇನ್. ಅಲ್ಲಿ ಜೊತೆಗಾರನಿಲ್ಲ. ಕತೆ ಹೇಳುವವನೇ ಅಪರಾಧಿ. 1927ರಲ್ಲಿ ನ್ಯೂಯಾರ್ಕಿನಲ್ಲಿ ರೂತ್ ಸ್ನೈಡರ್ ಎಂಬ ಹೆಂಗಸು, ಗಂಡನ ಹೆಸರಿನಲ್ಲಿ ಆಕಸ್ಮಿಕ ಸಾವಿಗೆ ಇಮ್ಮಡಿ ಹಣ ಬರುವ ವಿಮೆ ಮಾಡಿಸಿ, ಪ್ರಿಯಕರನ ಜೊತೆ ಸೇರಿ ಅವನನ್ನು ಕೊಂದ ಪ್ರಕರಣ ನಡೆಯಿತು. ಅದರ ನೆನಪಿನಲ್ಲಿ ಕೇನ್ ‘ಡಬಲ್ ಇಂಡೆಮ್ನಿಟಿ’ ಬರೆದ. 1936ರಲ್ಲಿ ಧಾರಾವಾಹಿಯಾಗಿ, 1943ರಲ್ಲಿ ಪುಸ್ತಕವಾಗಿ ಬಂತು. ಅದರ ನಿರೂಪಕ ವಿಮೆ ಮಾರುವವನು. ಯಾವ ಸಾವಿಗೆ ಎಷ್ಟು ದುಡ್ಡು, ಯಾವ ಸಾವು ಎಷ್ಟು ಅಪರೂಪ ಎಂಬುದು ಅವನಿಗೆ ಬಾಯಿಪಾಠ. ರೈಲಿನಲ್ಲಿ ಸಾಯುವವರು ಕಡಿಮೆ, ಅದಕ್ಕೇ ಆ ಸಾವಿಗೆ ಇಮ್ಮಡಿ ಪರಿಹಾರ. ಹಾಗಾದರೆ ಗಂಡ ರೈಲಿನಿಂದ ಬಿದ್ದು ಸಾಯಬೇಕು. ಕೊಲೆಯ ಯೋಜನೆ ಹುಟ್ಟುವುದು ಸಿಟ್ಟಿನಿಂದಲ್ಲ, ಪಾಲಿಸಿಯ ಷರತ್ತುಗಳನ್ನು ಓದಿದ್ದರಿಂದ. ಹೆಣ್ಣಿನ ಮೋಹ ಇದೆ, ಹಣದ ಆಸೆಯೂ ಇದೆ. ಆದರೆ ಅವೆರಡಕ್ಕಿಂತ ಆಳದಲ್ಲಿ, ದಿನವೂ ಕಾವಲು ಕಾಯುವ ವ್ಯವಸ್ಥೆಯನ್ನು ತಾನೇ ಒಮ್ಮೆ ಸೋಲಿಸಿ ನೋಡಬೇಕು ಎಂಬ ನೌಕರನ ಚಪಲ ಇದೆ.

ನಾನು ನ್ವಾರ್ ಎಂದು ಕರೆಯುವುದು ಈ ಎರಡನೆಯ ಕುಲವನ್ನು. ಪತ್ತೇದಾರಿ ಕತೆ ಹೆಣದಿಂದ ಶುರುವಾಗಿ ಹಿಂದಕ್ಕೆ ನಡೆಯುತ್ತದೆ. ನ್ವಾರ್ ಒಂದು ಲೆಕ್ಕದಿಂದ ಶುರುವಾಗಿ ಹೆಣದ ಕಡೆಗೆ ನಡೆಯುತ್ತದೆ. ಹಿಂದಕ್ಕೆ ನಡೆಯುವಾಗ ನಾವು ಪತ್ತೇದಾರನ ಪಕ್ಕದಲ್ಲಿರುತ್ತೇವೆ. ಮುಂದಕ್ಕೆ ನಡೆಯುವಾಗ ಅಪರಾಧಿಯ ಪಕ್ಕದಲ್ಲಿ. ಎರಡನೆಯ ಸಲ ಓದಿದಾಗಲೂ ಹಿಡಿತ ಸಡಿಲವಾಗದಿರಲು ಇದೇ ಕಾರಣವಿರಬೇಕು. ಗುಟ್ಟು ಗೊತ್ತಾಗುವುದರಿಂದ ಪಕ್ಕದಲ್ಲಿದ್ದ ಮುಜುಗರ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

*

ಇದು ಹಳೆಯ ಆರ್ಥಿಕ ಕುಸಿತದ ಕಾಲದ ಸಾಹಿತ್ಯವಾಗಿ ಮುಗಿದುಹೋಗಬಹುದಿತ್ತು. ಮುಗಿಯಲಿಲ್ಲ. ಈಚಿನ ವರ್ಷಗಳಲ್ಲಿ ನಾನು ಓದಿದ ಅತ್ಯುತ್ತಮ ನ್ವಾರ್ ಎಂದರೆ ಅಮೆರಿಕದ ವರ್ಜೀನಿಯಾದ ಕಪ್ಪು ಲೇಖಕ ಎಸ್. ಎ. ಕಾಸ್ಬಿ ಅವರ ‘ಬ್ಲ್ಯಾಕ್‌ಟಾಪ್ ವೇಸ್ಟ್‌ಲ್ಯಾಂಡ್’, 2020ರದು. ಬ್ಯೂರಿಗಾರ್ಡ್ ಎಂಬ ಮೆಕ್ಯಾನಿಕ್ ಒಂದು ಕಾಲಕ್ಕೆ ದರೋಡೆಕೋರರಿಗೆ ಕಾರು ಓಡಿಸುತ್ತಿದ್ದವನು. ಈಗ ಅದನ್ನು ಬಿಟ್ಟು ಗ್ಯಾರೇಜು ಇಟ್ಟಿದ್ದಾನೆ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮೊದಲ ಸಂಬಂಧದ ಒಬ್ಬ ಮಗಳು. ಊರಿಗೆ ಬಂದ ಹೊಸ ಗ್ಯಾರೇಜು ಗಿರಾಕಿಗಳನ್ನು ಸೆಳೆಯುತ್ತಿದೆ. ಬಾಡಿಗೆ ಬಾಕಿ. ತಾಯಿ ಇರುವ ಆರೈಕೆ ಕೇಂದ್ರದಿಂದ ದೊಡ್ಡ ಮೊತ್ತದ ಬಿಲ್ಲು. ಮಗಳಿಗೆ ಕಾಲೇಜು ಸೇರಬೇಕು. ಕಾದಂಬರಿಯ ಮೊದಲ ಭಾಗದಲ್ಲಿ ಕಾಸ್ಬಿ ಈ ಬಾಕಿಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಆಭರಣದ ಅಂಗಡಿಯೊಂದರ ದರೋಡೆಯ ಮಾತು ಬರುವ ಹೊತ್ತಿಗೆ ನಾವೇ ಮನಸ್ಸಿನಲ್ಲಿ ಕೂಡಿಸಿ ಕಳೆದು, ಒಂದೇ ಒಂದು ಸಲ ತಾನೆ, ಎಂದುಕೊಂಡಿರುತ್ತೇವೆ.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಬಡತನ ಅಪರಾಧಕ್ಕೆ ತಳ್ಳುತ್ತದೆ ಎಂದು ಹೇಳುವ, ಸದುದ್ದೇಶದ, ಎರಡನೆಯ ದರ್ಜೆಯ ಕಾದಂಬರಿಯಾಗುತ್ತಿತ್ತು. ಕಾಸ್ಬಿ ಅದಕ್ಕೊಂದು ಮುಳ್ಳು ಸೇರಿಸುತ್ತಾರೆ. ಬ್ಯೂರಿಗಾರ್ಡನ ಬಳಿ ಹಳೆಯದೊಂದು ಡಸ್ಟರ್ ಕಾರಿದೆ, ಕಾಣೆಯಾದ ಅಪ್ಪ ಬಿಟ್ಟುಹೋದದ್ದು. ಅದನ್ನು ಮಾರು ಎನ್ನುತ್ತಾಳೆ ಹೆಂಡತಿ. ಅವನು ಒಪ್ಪುವುದಿಲ್ಲ. ಸ್ಟೀರಿಂಗ್ ಹಿಡಿದಾಗ ಮಾತ್ರ ತಾನು ತಾನಾಗಿರುತ್ತೇನೆ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತಾಗುತ್ತದೆ. ಹಣದ ಅಗತ್ಯ ನಿಜ. ಆದರೆ ಆ ಅಗತ್ಯ, ಮೊದಲೇ ಒಳಗೆ ಕಾದು ಕುಳಿತಿದ್ದ ಬಯಕೆಗೆ ಕೊಟ್ಟ ಪರವಾನಗಿಯೂ ಹೌದು. ಮಕ್ಕಳಿಗಾಗಿ ಎಂದು ಅವನು ಹೇಳುವಾಗ ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ನಾವು ನಮ್ಮ ಮನೆಗಳಲ್ಲಿ ದಿನವೂ ಆಡುವ ಎಷ್ಟೋ ಮಾತುಗಳು ಇದೇ ಜಾತಿಯವು.

ಮಸಾಕೊಳ ವಿಷಯದಲ್ಲೂ ಹೀಗೆಯೇ. ಗೆಳತಿಯ ಫೋನು ಬಂದ ರಾತ್ರಿ ಅವಳು ಇಲ್ಲ ಎನ್ನಬಹುದಿತ್ತು. ಅವಳಿಗೆ ದುಡ್ಡಿನ ತೀರಾ ಅಡಚಣೆಯೂ ಇರಲಿಲ್ಲ. ಗಂಡ ಬೇರೆ ಕೋಣೆಯಲ್ಲಿ ಮಲಗುವ, ಮಗ ಮಾತು ಬಿಟ್ಟಿರುವ ಮನೆಯಲ್ಲಿ ಅವಳಿಗೆ ಈ ಹೆಣ ಒಂದು ಬಾಗಿಲಿನಂತೆ ಕಾಣುತ್ತದೆ. ಕಾದಂಬರಿಯ ಹೆಸರೇ ‘ಔಟ್’. ಹೊರಗೆ. ಹಾದಿ ಎಷ್ಟು ಭೀಕರವಾದರೂ ಅವಳಿಗೆ ಅದು ಹೊರಗೆ ಹೋಗುವ ಹಾದಿ.

*

ನ್ವಾರ್ ಬಗ್ಗೆ ನನಗಿರುವ ಎರಡು ತಕರಾರುಗಳನ್ನೂ ಹೇಳಬೇಕು.

ಮೊದಲನೆಯದು ಹೆಣ್ಣಿನ ದೇಹದ್ದು. ಕೇನ್ ಕಾಲದಿಂದ ಈ ಕುಲದ ಕತೆಗಳಲ್ಲಿ ಹೆಣ್ಣು ಒಂದೋ ಹಾಳುಮಾಡುವವಳು, ಇಲ್ಲವೇ ಹೆಣ. ಈಗಿನ ವೆಬ್ ಸರಣಿಗಳಲ್ಲಂತೂ ಮೊದಲ ಐದು ನಿಮಿಷದಲ್ಲಿ ಹುಡುಗಿಯೊಬ್ಬಳ ಶವ ಸಿಗದಿದ್ದರೆ ಕತೆ ಹೊರಡುವುದೇ ಇಲ್ಲ ಎಂಬಂತಾಗಿದೆ. ಕಿರಿನೊ ಮಾಡಿದ ದೊಡ್ಡ ಕೆಲಸವೆಂದರೆ ಇದನ್ನು ತಿರುಗಿಸಿದ್ದು. ಅವರ ಕಾದಂಬರಿಯಲ್ಲಿ ಬಚ್ಚಲಿನಲ್ಲಿ ಮಲಗಿರುವುದು ಗಂಡಸು, ಚಾಕು ಹಿಡಿದಿರುವುದು ಹೆಂಗಸರು, ಮತ್ತು ಅವರಲ್ಲಿ ಯಾರೂ ಮೋಹಿನಿಯರಲ್ಲ. ಆದರೆ ಕೊನೆಯ ಭಾಗದಲ್ಲಿ ಕಿರಿನೊ ಕೂಡ ಜಾರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಕೊಲೆಯ ಆರೋಪ ಹೊತ್ತು ತನ್ನ ಕ್ಲಬ್ಬುಗಳನ್ನೆಲ್ಲ ಕಳೆದುಕೊಂಡ ಸಟಾಕೆ ಸೇಡಿಗಾಗಿ ಹೆಂಗಸರ ಹಿಂದೆ ಬೀಳುತ್ತಾನೆ. ಹಿಂದೊಮ್ಮೆ ಹೆಣ್ಣೊಬ್ಬಳನ್ನು ಚಿತ್ರಹಿಂಸೆ ಕೊಟ್ಟು ಕೊಂದವನು ಅವನು. ಪಾಳುಬಿದ್ದ ಕಾರ್ಖಾನೆಯಲ್ಲಿ ಅವನೂ ಮಸಾಕೊಳೂ ಮುಖಾಮುಖಿಯಾಗುವ ದೃಶ್ಯದಲ್ಲಿ ಹಿಂಸೆ ಮತ್ತು ಕಾಮ ಒಂದಕ್ಕೊಂದು ಹೆಣೆದುಕೊಂಡು, ಇಬ್ಬರ ನಡುವೆ ಒಂದು ಬಗೆಯ ಆತ್ಮಸಂಬಂಧವೇ ಇದೆ ಎಂದು ಕಾದಂಬರಿ ನಂಬಿಸಹೊರಡುತ್ತದೆ. ಅದನ್ನು ಇಬ್ಬರು ಒಂಟಿಗಳ ಕೊನೆಯ ಮಾತುಕತೆ ಎಂದು ಓದಲು ಸಾಧ್ಯ. ನನಗೆ ಸಾಧ್ಯವಾಗಲಿಲ್ಲ. ಬಡ್ಡಿ, ಪಾಳಿ, ಅತ್ತೆಯ ಹಾಸಿಗೆ, ಮಗಳ ಪ್ರವಾಸ ಎಂದು ಇಷ್ಟು ಹೊತ್ತು ನೆಲದ ಮೇಲೆ ನಡೆದ ಕಾದಂಬರಿ ಅಲ್ಲಿ ಇದ್ದಕ್ಕಿದ್ದಂತೆ ಪುರಾಣವಾಗಲು ಹೊರಡುತ್ತದೆ. ಮಸಾಕೊಗೆ ಅವಳ ಸಮನಾದ ಒಬ್ಬ ಗಂಡು ಬೇಕೇ ಬೇಕು ಎಂದು ತೀರ್ಮಾನಿಸಿದವರು ಯಾರು?

ಎರಡನೆಯ ತಕರಾರು ಹೆಚ್ಚು ಗಂಭೀರವಾದದ್ದು. ನ್ವಾರ್ ಈಗ ಒಂದು ಶೈಲಿಯಾಗಿದೆ. ಮಳೆ, ನಿಯಾನ್ ದೀಪ, ಸಿಗರೇಟಿನ ಹೊಗೆ, ಎಲ್ಲರೂ ಭ್ರಷ್ಟರು ಎಂಬ ಒಂದು ನಿಟ್ಟುಸಿರು. ಎಲ್ಲವೂ ಕೊಳೆತಿದೆ ಎಂಬ ಮಾತು ಧೈರ್ಯದ ಮಾತಿನಂತೆ ಕೇಳಿಸುತ್ತದೆ, ಆದರೆ ಅದು ಬಹಳ ಆರಾಮದ ಮಾತು. ವ್ಯವಸ್ಥೆಯೇ ಹಾಗಿರುವಾಗ ನಾನೊಬ್ಬ ಸರಿಯಿದ್ದು ಏನಾಗಬೇಕು? ಪೊಲೀಸು, ರಾಜಕಾರಣಿ, ಬಿಲ್ಡರು ಎಲ್ಲರೂ ಒಂದೇ ಎಂದು ಹೇಳಿ ಮುಗಿಸುವ ಕತೆ ಓದುಗನನ್ನು ಮುಟ್ಟುವುದಿಲ್ಲ, ಬೆನ್ನು ತಟ್ಟಿ ಮಲಗಿಸುತ್ತದೆ. ಹಳೆಯ ಪತ್ತೇದಾರಿ ಕತೆ ಕೊಡುತ್ತಿದ್ದ ಸಮಾಧಾನವೇ ಇಲ್ಲಿ ತಲೆಕೆಳಗಾಗಿ ಬಂದಿದೆ. ಅಲ್ಲಿ ತಪ್ಪಿತಸ್ಥ ಒಬ್ಬನೇ, ಹಾಗಾಗಿ ನಾನಲ್ಲ. ಇಲ್ಲಿ ತಪ್ಪಿತಸ್ಥರು ಎಲ್ಲರೂ, ಹಾಗಾಗಿ ವಿಶೇಷವಾಗಿ ನಾನಲ್ಲ.

ಒಳ್ಳೆಯ ನ್ವಾರನ್ನು ಗುರುತಿಸಲು ನಾನು ಒಂದು ಸರಳ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪಾತ್ರ ನಿಲ್ಲಬಹುದಾಗಿದ್ದ ಜಾಗ ಕತೆಯಲ್ಲಿ ಕಾಣುತ್ತದೆಯೇ? ಡಸ್ಟರ್ ಮಾರಬಹುದಿತ್ತು. ಫೋನಿನಲ್ಲಿ ಆಗುವುದಿಲ್ಲ ಎನ್ನಬಹುದಿತ್ತು. ಪಾಲಿಸಿಗೆ ಸಹಿ ಹಾಕಿಸದೆ ಆ ಮನೆಯಿಂದ ಎದ್ದು ಬರಬಹುದಿತ್ತು. ನಿಲ್ಲುವ ಜಾಗವನ್ನು ತೋರಿಸಿ, ಪಾತ್ರ ಅದನ್ನು ದಾಟಿ ಹೋಗುವುದನ್ನೂ ತೋರಿಸಿ, ನೀನಾಗಿದ್ದರೆ ಎಂದು ಕೇಳದೆಯೇ ಕೇಳುವ ಕತೆ ನನಗೆ ನ್ವಾರ್. ಆ ಜಾಗವನ್ನು ಅಳಿಸಿಹಾಕಿ ಎಲ್ಲವನ್ನೂ ಹಣೆಬರಹವೆಂದೋ ವ್ಯವಸ್ಥೆಯೆಂದೋ ಕರೆಯುವುದು ಬರೀ ಬಣ್ಣ.

*

ಕನ್ನಡದಲ್ಲಿ ಈ ಕುಲ ಇದೆಯೇ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ನೂರಾರು ಪುಟಗಳನ್ನು ನನ್ನ ಹಿಂದಿನ ತಲೆಮಾರು ಬಾಡಿಗೆ ಲೈಬ್ರರಿಗಳಿಂದ ತಂದು ಓದಿ ಓದುವ ಚಟ ಹತ್ತಿಸಿಕೊಂಡಿತು. ಆ ಉಪಕಾರ ದೊಡ್ಡದು. ಆದರೆ ಪುರುಷೋತ್ತಮ ನ್ಯಾಯದ ಪಕ್ಷದವನು, ಗೆಲ್ಲುವವನು. ಇನ್ನೊಂದು ಕಡೆ ಬೆಂಗಳೂರಿನ ಭೂಗತ ಲೋಕದ ಬಗ್ಗೆ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಬಂತು. ಅದು ಆತ್ಮಕಥನ. ಈ ಎರಡರ ನಡುವೆ ಇರಬೇಕಾದ ಕಾದಂಬರಿಯನ್ನು ಅಪರಾಧ ಸಾಹಿತ್ಯದ ಕಪಾಟಿನಲ್ಲಿ ಹುಡುಕಿ ನಾನು ನಿರಾಶನಾಗಿದ್ದೆ. ಅದು ಬೇರೆ ಕಪಾಟಿನಲ್ಲಿತ್ತು.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬಂದಾಗ ಅದನ್ನು ನಾವು ಕುಟುಂಬದ ಕತೆಯಾಗಿ, ಹೊಸ ಹಣದ ಕತೆಯಾಗಿ, ಬದಲಾದ ಬೆಂಗಳೂರಿನ ಕತೆಯಾಗಿ ಓದಿದೆವು. ಅದೆಲ್ಲ ಸರಿಯೇ. ನನಗೆ ಈಗ ಅದು ಕನ್ನಡದ ಅತ್ಯುತ್ತಮ ನ್ವಾರ್ ಎನ್ನಿಸುತ್ತದೆ. ಅದರಲ್ಲಿ ಪೊಲೀಸರಿಲ್ಲ, ತನಿಖೆಯಿಲ್ಲ, ಕಣ್ಣಿಗೆ ಕಾಣುವ ಹೆಣವೂ ಇಲ್ಲ. ಕಾಫಿ ಹೌಸಿನಲ್ಲಿ ಕುಳಿತ ನಿರೂಪಕ, ಮಾತಿಗೆ ಮೊದಲೇ ಮನಸ್ಸು ಅರಿಯುವ ವೇಟರ್ ವಿನ್ಸೆಂಟ್, ಮತ್ತು ಒಂದು ಮನೆ. ಚಿಕ್ಕಪ್ಪ ಶುರು ಮಾಡಿದ ಸೋನಾ ಮಸಾಲಾ ಆ ಮನೆಯನ್ನು ಸಾಕುತ್ತಿದೆ. ಹಾಗಾಗಿ ಚಿಕ್ಕಪ್ಪನ ನೆಮ್ಮದಿ ಎಲ್ಲರ ನೆಮ್ಮದಿ. ಕಾಗದದ ಮೇಲೆ ನಿರೂಪಕನಿಗೆ ಹುದ್ದೆಯಿದೆ, ಸಂಬಳ ಬ್ಯಾಂಕಿಗೆ ಬರುತ್ತದೆ, ಕೆಲಸವಿಲ್ಲ. ಕೇನ್‌ನಲ್ಲಿ ವಿಮೆಯ ಪಾಲಿಸಿ ಮಾಡುವ ಕೆಲಸವನ್ನು ಇಲ್ಲಿ ಒಂದು ಕೂಡುಕುಟುಂಬದ ಊಟದ ಮೇಜು ಮಾಡುತ್ತದೆ. ಯಾರು ಯಾರಿಗೆ ಎಷ್ಟು ಋಣಿ ಎಂಬುದನ್ನು ಅಲ್ಲಿ ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿದೆ.

ಚಿಕ್ಕಪ್ಪನನ್ನು ಹುಡುಕಿಕೊಂಡು, ಅಡುಗೆ ಮಾಡಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ನಿರೂಪಕನೂ ಅಲ್ಲೇ ಇದ್ದಾನೆ. ನನ್ನ ಪರೀಕ್ಷೆಯ ಜಾಗ ಅದು. ಅವನು ಒಂದು ಮಾತು ಆಡಬಹುದಿತ್ತು. ಆಡುವುದಿಲ್ಲ. ಮುಂದೆ ಅವನ ಹೆಂಡತಿ ಅನಿತಾ ಆಡುತ್ತಾಳೆ, ಮತ್ತು ಆ ಮನೆಯಲ್ಲಿ ಮಾತಾಡುವವರಿಗೆ ಜಾಗವಿಲ್ಲ ಎಂಬುದು ನಿಧಾನವಾಗಿ ತಿಳಿಯುತ್ತದೆ. ಇರುವೆಗಳನ್ನು ಕೊಲ್ಲುವುದರಲ್ಲಿ ಆ ಮನೆಯವರಿಗೆ ಸಿಗುವ ಉತ್ಸಾಹವನ್ನು ಮೊದಲೇ ನೋಡಿದ್ದೇವೆ. ಕೊನೆಯಲ್ಲಿ ಮನೆಯವರೆಲ್ಲ ಸೇರಿ ಕೊಲೆಗಳ ಬಗ್ಗೆ ಹರಟುವಾಗ, ಊರಿಗೆ ಹೋದ ಅನಿತಾ ಇನ್ನೂ ಬಂದಿಲ್ಲ ಎಂಬುದು ನೆನಪಾಗಿ ನಮ್ಮ ಬೆನ್ನು ತಣ್ಣಗಾಗುತ್ತದೆ. ಶಾನಭಾಗರು ಏನನ್ನೂ ಹೇಳುವುದಿಲ್ಲ. ಲೆಕ್ಕವನ್ನು ನಾವೇ ಕೂಡಿಸಬೇಕು. ಕೂಡಿಸಿದಾಗ ಬರುವ ಉತ್ತರಕ್ಕೆ ನಾವೂ ಸ್ವಲ್ಪ ಜವಾಬ್ದಾರರಾಗುತ್ತೇವೆ, ಯಾಕೆಂದರೆ ಇಷ್ಟು ಹೊತ್ತು ಆ ಮನೆಯ ಊಟದ ಮೇಜಿನಲ್ಲಿ ನಾವೂ ನಗುತ್ತ ಕುಳಿತಿದ್ದೆವು.

*

ನ್ವಾರ್ ಯಾಕೆ ಹಳತಾಗುವುದಿಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಉತ್ತರ ಪುಸ್ತಕದಿಂದ ಬಂದದ್ದಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರು ಹೆಂಗಸು ಚೀಟಿ ನಡೆಸುತ್ತಿದ್ದರು. ನಾವು ಮಕ್ಕಳೆಲ್ಲ ಅವರನ್ನು ಚೀಟಿ ಆಂಟಿ ಎನ್ನುತ್ತಿದ್ದೆವು. ತಿಂಗಳಿಗೊಮ್ಮೆ ಅವರ ಮನೆಯ ಹಾಲಿನಲ್ಲಿ ಹರಾಜು, ಕಾಫಿ, ಚಕ್ಕುಲಿ. ನನ್ನ ಅಮ್ಮನೂ ಸದಸ್ಯೆ. ಒಂದು ಬೆಳಿಗ್ಗೆ ಆ ಮನೆಗೆ ಬೀಗ ಬಿದ್ದಿತ್ತು. ಬೀದಿಯವರು ಸೇರಿದರು, ಬೈದರು, ಕೆಲವರು ಅತ್ತರು. ಅಮ್ಮನ ಎರಡು ವರ್ಷದ ಉಳಿತಾಯ ಹೋಯಿತು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕತೆ ಹೊರಬಂತು. ಒಬ್ಬರು ಚೀಟಿ ಎತ್ತಿಕೊಂಡ ಮೇಲೆ ಕಂತು ಕಟ್ಟುವುದನ್ನು ನಿಲ್ಲಿಸಿದ್ದರು. ಆಂಟಿ ಅದನ್ನು ಯಾರಿಗೂ ಹೇಳದೆ ತಮ್ಮ ಬಳೆ ಅಡವಿಟ್ಟು ತುಂಬಿಸಿದ್ದರು. ಮುಂದಿನ ತಿಂಗಳು ಇನ್ನೊಂದು ಚೀಟಿಯ ಹಣ ಇಲ್ಲಿಗೆ, ಅದರ ಮುಂದಿನ ತಿಂಗಳು ಬಡ್ಡಿಗೆ ತಂದ ಹಣ ಅಲ್ಲಿಗೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆ ನಡೆದಿತ್ತು. ಅಷ್ಟೂ ತಿಂಗಳು ಹರಾಜಿಗೆ ಕಾಫಿ, ಚಕ್ಕುಲಿ ತಪ್ಪಿರಲಿಲ್ಲ.

ಅಮ್ಮ ಅವರನ್ನು ಕ್ಷಮಿಸಲಿಲ್ಲ. ಆದರೆ ಬಹಳ ವರ್ಷಗಳ ಮೇಲೆ, ಯಾವುದೋ ಮಾತಿಗೆ, “ಮೊದಲನೇ ತಿಂಗಳೇ ಬಾಯಿಬಿಟ್ಟು ಹೇಳಿದ್ದರೆ ನಾವೆಲ್ಲ ಸೇರಿ ಏನಾದರೂ ಮಾಡ್ತಿದ್ವಿ ಕಣೋ” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನಾಗಿದ್ರೂ ಹೇಳ್ತಿರಲಿಲ್ಲ ಅನ್ಸುತ್ತೆ, ಮರ್ಯಾದೆ ನೋಡು” ಅಂದರು.

ಆ ಎರಡು ಮಾತುಗಳ ನಡುವಿನ ಮೌನದಲ್ಲಿ ಅಮ್ಮ ಆಂಟಿಯ ಮನೆಯೊಳಗೆ ಹೋಗಿ ಬಂದಿದ್ದರು. ಎರಡನೆಯ ಮಾತು ಮೊದಲನೆಯದನ್ನು ಅಳಿಸಲಿಲ್ಲ. ಹೇಳಬಹುದಿತ್ತು ಎಂಬುದೂ ನಿಜ, ನಾನೂ ಹೇಳುತ್ತಿರಲಿಲ್ಲ ಎಂಬುದೂ ನಿಜ. ಸಾಲ ತರುವಾಗಿನ ರುಚಿ ಬೇರೆ, ತೀರಿಸುವಾಗಿನ ರುಚಿ ಬೇರೆ ಎಂದು ಸರ್ವಜ್ಞ ನಮಗೆ ಬಹಳ ಹಿಂದೆಯೇ ತಿಳಿಸಿದ್ದಾನೆ. ನ್ವಾರ್ ಬರೆಯುವವರು ಆ ಎರಡು ರುಚಿಗಳ ನಡುವೆ ಬರುವ ತಿಂಗಳುಗಳನ್ನು ಬರೆಯುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ. ಹರಾಜು ನಡೆಯುತ್ತದೆ, ಪಾಳಿ ಮುಗಿಯುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ.

ಈಗ ಸಾಲ ಕೇಳಲು ಯಾರ ಮನೆಯ ಹಾಲಿಗೂ ಹೋಗಬೇಕಿಲ್ಲ, ಫೋನಿನಲ್ಲೇ ಕ್ಷಣಮಾತ್ರದಲ್ಲಿ ಸಿಗುತ್ತದೆ. ಹಾಗಾಗಿ ಮುಚ್ಚಿಡುವುದೂ ಸುಲಭವಾಗಿದೆ. ಈ ಕಾಲದ ಕನ್ನಡ ನ್ವಾರ್ ಇನ್ನೂ ಬರಬೇಕು. ಅದರಲ್ಲಿ ಪಿಸ್ತೂಲು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಮೊದಲನೇ ತಿಂಗಳು, ಯಾರಿಗಾದರೂ ಹೇಳಬಹುದಾಗಿದ್ದ ಆ ಒಂದು ಸಂಜೆ, ಅದರಲ್ಲಿ ಇರಲೇಬೇಕು.